ಸುತ್ತಿದ್ದೇ ಸುತ್ತಿದ್ದು

ಅಟ್ಟ ಗುಡಿಸುವಾಗ ಒಂದು ತಗಡಿನ ಡಬ್ಬ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅಮ್ಮ ಅಡುಗೆಮನೆಯಿಂದಲೇ "ಯಾವ ಉಪ್ಪಿನಕಾಯಿ ಕೆಟ್ಟಿತೋ?" ಅಂದರು.

ಉಪ್ಪಿನಕಾಯಿ ಅಲ್ಲ, ಚಿಕ್ಕಪ್ಪನ ಮದುವೆ. 1976ರಲ್ಲಿ ಫಾರಿನ್‌ನಿಂದ ಬಂದ ನೆಂಟರೊಬ್ಬರು ಸೂಪರ್ 8 ಅನ್ನುವ ಪುಟ್ಟ ಫಿಲ್ಮಿನ ಕ್ಯಾಮೆರಾದಲ್ಲಿ ತೆಗೆದದ್ದು. ಅಸಿಟೇಟ್ ಫಿಲ್ಮು ಸೆಖೆಗೂ ತೇವಕ್ಕೂ ಸಿಕ್ಕರೆ ಒಳಗೊಳಗೇ ಕೆಟ್ಟು ವಿನೆಗರ್ ವಾಸನೆ ಬಿಡುತ್ತದೆ, ಕುಗ್ಗುತ್ತದೆ, ಆಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ. ನಮ್ಮ ಮಲೆನಾಡಿನ ಅಟ್ಟದಲ್ಲಿ ಅಷ್ಟು ಮಳೆಗಾಲ ಕಳೆದೂ ಇಷ್ಟಾದರೂ ಉಳಿದಿತ್ತಲ್ಲ, ಅದೇ ದೊಡ್ಡದು.

ಕೊನೆಯ ಸಲ ನೋಡಿದ ಪುಣ್ಯಾತ್ಮರು ಹಿಂದಕ್ಕೆ ಸುತ್ತದೇ ಇಟ್ಟಿದ್ದರು. ಅಂದರೆ ಊಟದ ಪಂಕ್ತಿ ಮೇಲೆ, ಮುಹೂರ್ತ ಅಡಿಯಲ್ಲಿ. ಸುತ್ತಿದರಾಯಿತು, ಅದೇನು ಮಹಾ ಅಂದುಕೊಂಡೆ.

ಮೊದಲು ಪ್ರೊಜೆಕ್ಟರ್ ಬಿಚ್ಚಿದೆ. ಒಳಗಿನ ರಬ್ಬರ್ ಬೆಲ್ಟ್ ಕರಗಿ ಹಲಸಿನ ಮೇಣವಾಗಿತ್ತು. ಕೈಗೆ ಮೆತ್ತಿದ್ದನ್ನು ಬಿಡಿಸಲು ಕೊಬ್ಬರಿ ಎಣ್ಣೆಯೇ ಬೇಕಾಯಿತು, ಥೇಟ್ ಹಲಸಿನ ಹಣ್ಣು ಬಿಡಿಸಿದ ಹಾಗೆ. ಹೊಸ ಬೆಲ್ಟ್ ಬರುವ ತನಕ ಕಾಯುವ ತಾಳ್ಮೆ ನನಗೆಲ್ಲಿ? ಗೆಳೆಯನಿಂದ ಕೈಯಲ್ಲಿ ತಿರುಗಿಸುವ ಸುತ್ತುಗಂಬ ತಂದೆ. ಎರಡು ಕಂಬ, ಒಂದು ಹಿಡಿಕೆ. ಒಂದಕ್ಕೆ ತುಂಬಿದ ರೀಲು, ಇನ್ನೊಂದಕ್ಕೆ ಖಾಲಿ ರೀಲು.

ಇನ್ನೂರು ಅಡಿ ಫಿಲ್ಮು, ಐವತ್ತರ ನಾಲ್ಕು ರೋಲು ಜೋಡಿಸಿದ್ದು. ಓಡಿಸಿದರೆ ಹದಿಮೂರು ನಿಮಿಷ ಚಿಲ್ಲರೆ. ನಾನು ಬಾವಿಯಿಂದ ನೀರು ಸೇದುವ ಹುರುಪಿನಲ್ಲಿ ತಿರುಗಿಸಿದೆ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ನಾನು ನಿಂತೆ, ರೀಲು ನಿಲ್ಲಲಿಲ್ಲ. ಫಿಲ್ಮು ಚಕ್ಕುಲಿ ಒತ್ತಿದ ಹಾಗೆ ಸುರುಳಿ ಸುರುಳಿಯಾಗಿ ನೆಲಕ್ಕೆ ಇಳಿಯಿತು. ಬೆಕ್ಕಿಗೆ ಹಬ್ಬ.

ಚಿಕ್ಕಂದಿನಲ್ಲಿ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳನ್ನು ಆ ಕಡೆಯ ರೀಲಿನ ಮೇಲೆ ಸುಮ್ನೆ ಇಟ್ಟುಕೊಂಡಿರುತ್ತಿದ್ದುದನ್ನು ನೋಡಿದ್ದೆ, ಗತ್ತು ಅಂದುಕೊಂಡಿದ್ದೆ. ಅದು ಬ್ರೇಕು ಅಂತ ಈಗ ಗೊತ್ತಾಯಿತು.

ಮತ್ತೆ ಸುತ್ತಿದೆ, ಈ ಸಲ ಜಾಸ್ತಿಯೇ ನಿಧಾನವಾಗಿ. ಸಡಿಲವಾಯಿತು. ಬಿಗಿಯಾಗಲಿ ಅಂತ ತುದಿ ಹಿಡಿದು ಗಾಳಿಪಟದ ದಾರದ ಹಾಗೆ ಜಗ್ಗಿದೆ. ಇದಂತೂ ಮಾಡಲೇಬಾರದ ಕೆಲಸ. ಒಂದು ಸುತ್ತು ಇನ್ನೊಂದಕ್ಕೆ ಉಜ್ಜಿ, ನಡುವಿನ ಧೂಳೆಲ್ಲ ಮರಳುಕಾಗದವಾಗಿ ಚಿತ್ರದ ಮೇಲೆ ಗೀರು ಬೀಳುತ್ತದೆ. ಬಿಸಿಲಲ್ಲಿ ಆದ ಮದುವೆಗೆ ನನ್ನ ದಯೆಯಿಂದ ಮಳೆ ಬಂತು.

ಅಷ್ಟರಲ್ಲಿ ಜೋಡಿಸಿದ್ದ ಟೇಪು ಎರಡು ಕಡೆ ಕಳಚಿತ್ತು. ಅಂಟೆಲ್ಲ ಒಣಗಿ ಪುಡಿಯಾಗಿತ್ತು. ಮನೆಯ ಸೆಲ್ಲೋಟೇಪು ಹಚ್ಚಬಾರದು, ಅಂಟು ಒಸರಿ ಪಕ್ಕದ ಸುತ್ತಿಗೂ ಹತ್ತಿಕೊಳ್ಳುತ್ತದೆ ಅಂತ ಗೆಳೆಯ ಎಚ್ಚರಿಸಿ, ಫಿಲ್ಮಿಗೇ ಇರುವ ಟೇಪು ಕೊಟ್ಟಿದ್ದ. ನೆಲದಲ್ಲಿ ಬಿಡಿಯಾಗಿ ಬಿದ್ದಿದ್ದ ಐವತ್ತು ಅಡಿಯ ತುಂಡನ್ನು ಎತ್ತಿ ಕೂಡಿಸಿದೆ. ಯಾವ ತುದಿ ಮೊದಲು? ಸೂಪರ್ 8ಕ್ಕೆ ತೂತು ಒಂದೇ ಅಂಚಿನಲ್ಲಿ, ಆ ಅಂಚು ಈ ಅಂಚಿಗೆ ಸರಿಯಾಗಿ ಕೂತಿತು. ಇನ್ನೇನು ಬೇಕು? ಒಂದೊಂದು ಚಿತ್ರವೂ ಅಕ್ಕಿಕಾಳಿನಷ್ಟು, ಕನ್ನಡಕ ಬೇರೆ ಕೋಣೆಯಲ್ಲಿ.

ಬೆಲ್ಟ್ ಬಂತು. ಭಾನುವಾರ ಗೋಡೆಗೆ ಪಂಚೆ ಕಟ್ಟಿ, ಚಿಕ್ಕಪ್ಪ ಚಿಕ್ಕಮ್ಮನನ್ನು ಎದುರಿಗೆ ಕೂರಿಸಿ ಪ್ರೊಜೆಕ್ಟರ್ ಹಾಕಿದೆ. ಕುಗ್ಗಿದ್ದರಿಂದ ಚಿತ್ರ ಸ್ವಲ್ಪ ಕುಣಿದರೂ ಓಡಿತು. ದಿಬ್ಬಣ ಇಳಿಯಿತು, ಪಾನಕ ಹಂಚಿದರು, ಇನ್ನೇನು ಮುಹೂರ್ತ ಅನ್ನುವಾಗ ಇಡೀ ಮಂಟಪ ತಲೆಕೆಳಗಾಯಿತು. ಫೋಕಸ್ಸೂ ಮಂಕು. ತಲೆ ಮೇಲಿದ್ದ ಅಕ್ಷತೆ ಎದ್ದು ಜನರ ಮುಷ್ಟಿಗೆ ವಾಪಸ್ ಹೋಯಿತು. ಚಿಕ್ಕಪ್ಪ ಬಗ್ಗಿ, ಬಹಳ ಭಕ್ತಿಯಿಂದ, ಚಿಕ್ಕಮ್ಮನ ಕೊರಳಿನ ತಾಳಿಯ ಗಂಟು ಒಂದೊಂದಾಗಿ ಬಿಚ್ಚಿ, ಅದನ್ನು ಪುರೋಹಿತರ ಕೈಗೆ ಕೊಟ್ಟು, ಹಿಮ್ಮುಖವಾಗಿ ನಡೆಯುತ್ತಾ ಮಂಟಪದಿಂದ ಹೊರಟೇ ಹೋದರು.

ಯಾರೂ ಉಸಿರೆತ್ತಲಿಲ್ಲ. ನಾನು ಸ್ವಿಚ್ಚಿಗೆ ತಡಕಾಡಿದೆ.

ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. "ಅಯ್ಯೋ, ಆ ತುಂಡು ಇನ್ನೊಂದು ಸಲ ಹಾಕು ಮಾರಾಯ," ಅಂದರು, ನಗು ತಡೆಯಲಾಗದೆ.

ಹಾಕಬೇಕಾದರೆ ಮತ್ತೆ ಹಿಂದಕ್ಕೆ ಸುತ್ತಬೇಕು.