ದೋಷ ತೋರಿಸಿದ ಮೇಲೆಯೇ ದುಡ್ಡು

ವಿಮಾನ ಹತ್ತುವವನ ಪೆಟ್ಟಿಗೆ ಅವನೊಬ್ಬನದಲ್ಲ ಎಂಬುದು ಮುಂಬಯಿಯಲ್ಲಿರುವ ನಮ್ಮವರ ಗಟ್ಟಿ ನಂಬಿಕೆ. ನಾನು ಲಂಡನ್ನಿಗೆ ಹೊರಟ ಸುದ್ದಿ ಡೊಂಬಿವಲಿಯಿಂದ ಮುಲುಂದ್ ಮುಟ್ಟುವುದರೊಳಗೆ ಪಟ್ಟಿಗಳು ಬರತೊಡಗಿದವು. ಚಾಕೊಲೇಟು, ಸೆಂಟು, ವಿಟಮಿನ್ ಮಾತ್ರೆ. ತರೋಣ, ಇವುಗಳಿಗೇನು ಅಳತೆಯೇ, ಅಗಲವೇ? ಅಳತೆ ಬೇಕಾದ ವಸ್ತುವನ್ನು ಕೇಳುವವರು ನಮ್ಮ ಭಾವ ಒಬ್ಬರೇ.

"ಬರುವಾಗ ನನಗೊಂದು ಜೊತೆ ಶೂ ತಾ ಮಾರಾಯ. ಅದೇ ಊರಿನದು."

ಅದೇ ಊರು ಎಂದರೆ ನಾರ್ಥಾಂಪ್ಟನ್. ಇಂಗ್ಲೆಂಡಿನ ಒಳ್ಳೆಯ ಗಂಡಸರ ಶೂಗಳು ಬಹಳ ಕಾಲದಿಂದ ಹುಟ್ಟುವುದು ಅಲ್ಲಿ ಮತ್ತು ಅದರ ಆಸುಪಾಸಿನಲ್ಲಿ. ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಡ್ಡಹೆಸರೇ ‘ಕಾಬ್ಲರ್ಸ್’, ಅಂದರೆ ಶೂ ಹೊಲಿಯುವವರು. ಹೋದ ಸಲ ಅಕ್ಕ, ಭಾವ ನಮ್ಮ ಜೊತೆ ಲಂಡನ್ನಿಗೆ ಬಂದಿದ್ದಾಗ ಉಳಿದವರೆಲ್ಲ ಟವರ್ ಬ್ರಿಡ್ಜ್ ನೋಡಿದರು. ನಾನು ಭಾವನ ಹಿಂದೆ ಯೂಸ್ಟನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಒಂದು ಗಂಟೆ ದನಗಳನ್ನೂ ಹುಲ್ಲನ್ನೂ ನೋಡಿದೆ. ಲಂಡನ್ನಿನ ಜರ್ಮಿನ್ ಸ್ಟ್ರೀಟಿನಲ್ಲೇ ಬೇಕಾದಷ್ಟು ಶೂ ಅಂಗಡಿಗಳಿವೆ. ಆದರೆ ಹಿಂದಿನ ದಿನ ಅಲ್ಲಿನ ಗಾಜಿನಾಚೆಯ ಬೆಲೆಯನ್ನು ನೂರರಿಂದ ಗುಣಿಸಿ, ಮೇಲೊಂದಿಷ್ಟು ಸೇರಿಸಿ, ಭಾವ ಎದೆ ನೀವಿಕೊಂಡಿದ್ದರು. ಕಾರ್ಖಾನೆಯ ಪಕ್ಕದ ಅಂಗಡಿಯಲ್ಲಿ ‘ಸೆಕೆಂಡ್ಸ್’ ಸಿಗುತ್ತವೆ, ಎಲ್ಲೋ ಒಂದು ಸಣ್ಣ ಕುಂದಿರುವ ಕಾರಣಕ್ಕೆ ಅಗ್ಗವಾಗಿ ಮಾರುತ್ತಾರೆ ಎಂದು ಅವರಿಗೆ ಯಾರೋ ಕಿವಿಯೂದಿದ್ದರು. ಆ ಪುಣ್ಯಾತ್ಮ ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ.

ಅಂಗಡಿಯ ಹುಡುಗ ಕಂದು ಬಣ್ಣದ ಒಂದು ಜೊತೆ ತಂದಿಟ್ಟ. ಭಾವ ಕಾಲು ತೂರಿಸಿದರು, ನಾಲ್ಕು ಹೆಜ್ಜೆ ಹಾಕಿದರು, ತಲೆಯಾಡಿಸಿದರು. ನಾನು ರೈಲಿನ ವೇಳೆ ನೋಡಲು ಮೊಬೈಲ್ ತೆಗೆದೆ.

"ಇದರಲ್ಲಿ ದೋಷ ಎಲ್ಲಿದೆ?" ಎಂದರು ಭಾವ.

ಬಹಳ ಸಣ್ಣದಿರುತ್ತದೆ ಸರ್, ಹಾಕಿಕೊಂಡವರಿಗೆ ಕಾಣುವುದೇ ಇಲ್ಲ ಎಂದು ಹುಡುಗ ನಕ್ಕ. ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ಕೂದಲು ಹಣ್ಣು ಮಾಡಿಕೊಂಡವರ ಮುಂದೆ ‘ಕಾಣುವುದಿಲ್ಲ’ ಎನ್ನಬಾರದು. ಪಾಪ, ಅವನಿಗೆ ಯಾರು ಹೇಳಬೇಕು?

ಭಾವ ಶೂ ಕಳಚಿ, ಓದುವ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹೋದರು. ಹೆಬ್ಬೆರಳಿನಿಂದ ಮೂತಿ ಒತ್ತಿದರು. ಬಗ್ಗಿಸಿದರು. ಮೂಸಿದರು. ತೆಂಗಿನಕಾಯಿ ಆರಿಸುವವರಂತೆ ಅಟ್ಟೆಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗಿಟ್ಟುಕೊಂಡು ಕೇಳಿದರು. ಮೊಬೈಲಿನ ಟಾರ್ಚ್ ಹಚ್ಚಿ, ಕೈಯನ್ನು ಮಣಿಕಟ್ಟಿನವರೆಗೆ ಒಳಗಿಳಿಸಿ ಹುಡುಕಿದರು. ಕೊನೆಗೆ ಅಂಚಿನ ಹೊಲಿಗೆಗಳನ್ನು ಎಣಿಸಲು ತೊಡಗಿದರು. ಮೊದಲು ಎಡದ್ದು, ಆಮೇಲೆ ಬಲದ್ದು.

"ಎರಡೂ ಸಮ ಇವೆಯಲ್ಲ!" ಎಂದರು, ಲೆಕ್ಕ ಸರಿಹೋಗಿದ್ದಕ್ಕೇ ಅನುಮಾನ ಹೆಚ್ಚಾದವರ ದನಿಯಲ್ಲಿ.

ಹುಡುಗ ಒಳಗೆ ಹೋಗಿ, ಏಪ್ರನ್ ಕಟ್ಟಿದ್ದ ಹಿರಿಯರೊಬ್ಬರನ್ನು ಕರೆತಂದ. ಅವರೂ ತಿರುಗಿಸಿ ಮುರುಗಿಸಿ ನೋಡಿದರು. ಅವರಿಗೂ ಸಿಗಲಿಲ್ಲ. ಇಬ್ಬರು ಮುದುಕರು ಕಿಟಕಿಯ ಬಳಿ ಒಂದೊಂದು ಶೂ ಹಿಡಿದು, ಹಣೆಗೆ ಹಣೆ ತಾಗುವಷ್ಟು ಬಗ್ಗಿ ನಿಂತರು. ಲಂಡನ್ ರೈಲು ಹೊರಟುಹೋಯಿತು. ಅದರ ಮುಂದಿನದೂ ಹೋಯಿತು. ಕೊನೆಗೆ ಏಪ್ರನ್ನಿನವರು ಹಿಮ್ಮಡಿಯ ಬಳಿ, ಪಾಲಿಶಿನ ಅಡಿಯಲ್ಲಿ ತೆಳುವಾದ ಒಂದು ಮಾಸಲು ಗೆರೆಯನ್ನು ಉಗುರಿನಿಂದ ತೋರಿಸಿದರು. ಭಾವನ ಮುಖ ಅರಳಿತು. ಏಪ್ರನ್ನಿನವರೂ ಬೆವರು ಒರೆಸಿಕೊಂಡು ನಕ್ಕರು. ಹುಡುಗ ಪೆಟ್ಟಿಗೆ ತಂದ.

"ದೋಷ ಕಣ್ಣಾರೆ ಕಂಡ ಮೇಲೆ ಕೊಳ್ಳುವುದು ಹೇಗೆ?" ಎಂದರು ಭಾವ. ದೋಷವಿಲ್ಲದ್ದಕ್ಕೆ ಪೂರ್ತಿ ಬೆಲೆ ಎಂದ ಹುಡುಗ. ಭಾವ ಯೋಚಿಸಿದರು. "ಹಾಗಾದರೆ ದೋಷ ಇನ್ನೂ ಸ್ವಲ್ಪ ದೊಡ್ಡದಿದ್ದು, ಬೆಲೆ ಇನ್ನೂ ಸ್ವಲ್ಪ ಕಡಿಮೆ ಇರುವಂಥದ್ದು ಇದೆಯೇ?"

ನಾನು ಹೊರಗೆ ಹೋಗಿ ಮಳೆಯಲ್ಲಿ ನಿಂತೆ.

ಕೊನೆಗೆ ಅದೇ ಗೆರೆಯ ಜೊತೆಯನ್ನೇ ಕೊಂಡರು. ವ್ಯಾಟ್ ವಾಪಸ್ ಎಲ್ಲಿ ಎಂದು ವಿಮಾನ ನಿಲ್ದಾಣದಲ್ಲಿ ಇನ್ನೊಂದು ಸುತ್ತು ನಡೆಯಿತು. 2021ರಿಂದ ಅಲ್ಲಿ ಪ್ರವಾಸಿಗರಿಗೆ ಅದು ನಿಂತಿದೆ ಎಂಬುದನ್ನು ಅವರು ಇನ್ನೂ ಒಪ್ಪಿಲ್ಲ.

ಶೂ ಕೊಂಡ ದಿನ ಸಂಜೆ ಲಂಡನ್ನಿಗೆ ಮರಳುವ ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಭಾವ ತಾವಾಗಿ ಒಂದು ಮಾತು ಹೇಳಿದರು. ಊರಿನಿಂದ ಬಂದ ಹೊಸದರಲ್ಲಿ ಅವರು ಫೋರ್ಟಿನ ಒಂದು ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ದಿನವಿಡೀ ನೀರಿನಲ್ಲಿ ನಿಂತು ಬೆರಳ ಸಂದಿಗಳು ಬೆಳ್ಳಗೆ ಬೆಂದಿರುತ್ತಿದ್ದವಂತೆ. ಬ್ಯಾಂಕಿನ ಸಂದರ್ಶನಕ್ಕೆಂದು ಚೋರ್ ಬಜಾರಿನಲ್ಲಿ ಹಳೆಯ ಶೂ ಕೊಂಡರು. ಮನೆಗೆ ತಂದು ನೋಡಿದರೆ ಎಡಗಾಲಿನದು ಎಂಟು, ಬಲಗಾಲಿನದು ಏಳು. "ಕುಂಟಿಕೊಂಡೇ ಒಳಗೆ ಹೋದೆ. ಕಾಲಿಗೇನಾಯಿತು ಎಂದು ಕೇಳಿದರು. ಫುಟ್‌ಬಾಲ್ ಆಡಿದೆ ಎಂದೆ," ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಆದರೆ ಆ ಕನಿಕರವನ್ನು ಮುಂಬಯಿ ಬೇಗ ತೊಳೆದುಹಾಕಿತು. ಈಗ ಯಾವ ಮದುವೆಯಲ್ಲಿ ನೋಡಿದರೂ ಭಾವ ಊಟದ ಸಾಲಿನ ಪಕ್ಕದಲ್ಲೇ ಬಲಗಾಲಿನ ಶೂ ಕಳಚಿ, "ದೋಷ ಹುಡುಕಿ ನೋಡುವ!" ಎಂದು ಬೀಗರ ಕೈಗೆ ಕೊಡುತ್ತಾರೆ. ಜೊತೆಗೆ ಗುಡ್‌ಇಯರ್ ವೆಲ್ಟ್ ಎಂಬ ಹೊಲಿಗೆಯ ಬಗೆಯ ಮೇಲೆ ಉಪನ್ಯಾಸ: ಅಂಚಿನ ಪಟ್ಟಿಗೆ ಅಟ್ಟೆಯನ್ನು ಹೊಲಿದಿರುತ್ತಾರೆ, ಸವೆದರೆ ಬಿಚ್ಚಿ ಹೊಸದು ಹಾಕಬಹುದು, ಜೀವಮಾನಕ್ಕೆ ಒಂದೇ ಶೂ ಸಾಕು. ಸಾಕೆಂದಾದರೆ ಇನ್ನೊಂದು ಜೊತೆ ಏಕೆ ಎಂದು ಕೇಳಿದೆ. ಜುಲೈ ಮಳೆಗೆ ಕಪಾಟಿನೊಳಗೇ ಬೂಸಲು ಹಿಡಿಯುತ್ತದೆ, ಮದುವೆಗಳು ನಿಲ್ಲುತ್ತವೆಯೇ ಎಂದರು.

ಮೊನ್ನೆ ಅಳತೆಯನ್ನೂ ಕಳುಹಿಸಿದರು. ನಂಬರು ಎಂಟು ಎಂದರೆ ಮುಗಿಯುತ್ತಿತ್ತು, ನಮ್ಮಲ್ಲಿ ಬಳಕೆಯಲ್ಲಿರುವುದೂ ಇಂಗ್ಲಿಷರ ನಂಬರೇ. ಅದರ ಒಂದು ಹೆಜ್ಜೆ ಎಂದರೆ ಒಂದು ಬಾರ್ಲಿ ಕಾಳಿನ ಉದ್ದ, ಅಂಗುಲದ ಮೂರನೇ ಒಂದು ಭಾಗ. ಆದರೆ ಭಾವನ ತಕರಾರು ಅಗಲದ್ದು. ನಮ್ಮವರ ಪಾದ ಅಗಲ ಎಂದು ಚೆನ್ನೈನ ಚರ್ಮ ಸಂಶೋಧನಾ ಸಂಸ್ಥೆಯವರು ಲಕ್ಷ ಜನರ ಕಾಲು ಅಳೆದು ಹೇಳಿದ್ದನ್ನು ಅವರು ಪತ್ರಿಕೆಯಲ್ಲಿ ಓದಿದ್ದಾರೆ. ಅದೇ ಪತ್ರಿಕೆಯ ಹಾಳೆಯ ಮೇಲೆ ಎರಡೂ ಪಾದವಿಟ್ಟು ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಫೋನ್ ಮಾಡಿ ಕೇಳಿದೆ.

"ಎಡದ್ದು ಬೆಳಿಗ್ಗೆ ಕುಳಿತು ಬಿಡಿಸಿದ್ದು. ಅಷ್ಟರಲ್ಲಿ ನಿನ್ನ ಅಕ್ಕ ಪೇಟೆಗೆ ಕಳುಹಿಸಿದಳು. ಬಲದ್ದು ಸಂಜೆ ನಿಂತು ಬಿಡಿಸಿದೆ."

ಸಂಜೆಗೆ ಕಾಲು ಊದಿಕೊಳ್ಳುತ್ತದೆ, ನಿಂತರೆ ಇನ್ನೂ ಹರಡುತ್ತದೆ, ಇನ್ನೊಮ್ಮೆ ಬಿಡಿಸಿ ಕಳುಹಿಸಿ ಭಾವ ಎಂದೆ. ಮತ್ತೆ ಸೆಕೆಂಡ್ಸೇ ಬೇಕೋ, ಈ ಸಲವಾದರೂ ಪೂರ್ತಿ ಬೆಲೆಯದ್ದೋ ಎಂದೂ ಕೇಳಿದೆ.

"ಸೆಕೆಂಡ್ಸೇ ತಾ," ಎಂದರು. "ಆದರೆ ದೋಷ ಎಲ್ಲಿದೆ ಎಂದು ಬಿಲ್ಲಿನ ಹಿಂದೆ ಬರೆಸಿ, ಅಂಗಡಿಯ ಸೀಲು ಹಾಕಿಸಿಕೊಂಡು ಬಾ."