ಹಳೆಯ ಶ್ವಿನ್ ವಾರ್ಸಿಟಿ ಸೈಕಲ್ಲು ದಿನದ ಓಡಾಟಕ್ಕೆ ಆದೀತೇ?

ಪರ: ಬಿಚ್ಚಿ ನೋಡಿದರೆ ಅರ್ಥವಾಗುವ ಸೈಕಲ್ಲು

ಶಿಕಾಗೋದ ಶ್ವಿನ್ ಕಂಪನಿ 1960ರಲ್ಲಿ ವಾರ್ಸಿಟಿಯನ್ನು ಹೊರತಂದಿತು. ಬಾಗಿದ ಹ್ಯಾಂಡಲ್ಲಿನ ಗೇರ್ ಸೈಕಲ್ಲು ಅಮೆರಿಕದ ಸಾಮಾನ್ಯ ಮನೆಗಳಿಗೆ ತಲುಪಿದ್ದು ಬಹುಪಾಲು ಇದರಿಂದಲೇ. ದಪ್ಪ ಉಕ್ಕಿನ ಫ್ರೇಮು. ಬಿದ್ದರೂ ಎದ್ದರೂ ಸುಲಭಕ್ಕೆ ಬಾಗುವುದಿಲ್ಲ.

ಇದರ ನಿಜವಾದ ಸೊಗಸಿರುವುದು ರಿಪೇರಿಯಲ್ಲಿ. ಪೆಡಲ್ ಕೂರುವ ಎರಡೂ ತೋಳು, ಅಂದರೆ ಕ್ರ್ಯಾಂಕು, ನಡುವಿನ ಅಚ್ಚು ಎಲ್ಲ ಸೇರಿ ಒಂದೇ ಉಕ್ಕಿನ ತುಂಡು. ಮೊದಲು ಎಡ ಪೆಡಲ್ ತೆಗೆಯಿರಿ. ಆ ಪೆಡಲ್ಲು, ಆ ಬದಿಯ ಲಾಕ್ ನಟ್ಟು, ಬೇರಿಂಗನ್ನು ಒತ್ತಿ ಹಿಡಿಯುವ ಕೋನು ಮೂರೂ ಎಡ ತಿರುಪಿನವು. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೇ ಸಡಿಲಾಗುವುದು. ಇದು ಗೊತ್ತಿಲ್ಲದೆ ಬಲ ಹಾಕಿದವರು ತಿರುಪು ಸವೆಸಿಬಿಡುತ್ತಾರೆ. ಕೋನ್ ಕಳಚಿದ ಮೇಲೆ ಕ್ರ್ಯಾಂಕನ್ನು ಓರೆಮಾಡಿ ಬಲಕ್ಕೆ ಎಳೆದರೆ ಇಡಿಯಾಗಿ ಈಚೆ ಬರುತ್ತದೆ. ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಪಂಜರ ಯಾವ ಮುಖವಾಗಿ ಕೂತಿತ್ತೆಂದು ನೆನಪಿಡಿ. ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳು ಉರುಳುವ ಬಟ್ಟಲಿನೊಳಗೆ ಉಗುರಾಡಿಸಿ: ಗುಳಿ ತಾಕಿದರೆ ಬಟ್ಟಲು ಬದಲಿಸಿ, ನುಣುಪಾಗಿದ್ದರೆ ಹೊಸ ಗುಂಡು, ಧಾರಾಳವಾಗಿ ಗ್ರೀಸು, ಅಷ್ಟೇ. ದೊಡ್ಡ ಸ್ಪ್ಯಾನರೊಂದು, ಸ್ಕ್ರೂಡ್ರೈವರೊಂದು ಇದ್ದರೆ ಮುಗಿಯಿತು. ಇಂದಿನ ಸೈಕಲ್ಲಿಗೆ ಇದೇ ಕೆಲಸಕ್ಕೆ ಬೇರೆಬೇರೆ ಉಪಕರಣ ಕೊಳ್ಳಬೇಕು.

ವಯಸ್ಸು ಕಂಡುಹಿಡಿಯುವುದೂ ಹಿತವಾದ ಕೆಲಸ. 1970ರ ದಶಕದ ಕೊನೆಯ ಗಾಡಿಗಳ ಮುಂದೆ, ಹ್ಯಾಂಡಲ್ಲಿನ ಕೆಳಗಿರುವ ಕಂಪನಿಯ ಬಿಲ್ಲೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲ ಮೂರು ದಿನ, ಕೊನೆಯದು ವರ್ಷ. 0987 ಎಂದಿದ್ದರೆ 1977ರ 98ನೇ ದಿನ, ಅಂದರೆ ಏಪ್ರಿಲ್ 8.

ವಿರೋಧ: ಮಳೆ ಬಂದ ದಿನ ಗೊತ್ತಾಗುತ್ತದೆ

ಆ ಗಟ್ಟಿತನದ ಇನ್ನೊಂದು ಹೆಸರು ತೂಕ. ವಾರ್ಸಿಟಿ ಸುಮಾರು 17-18 ಕಿಲೋ. ಮೂರನೇ ಮಹಡಿಯಲ್ಲಿ ಮನೆಯಿರುವವರು ದಿನಕ್ಕೆರಡು ಸಲ ಅದನ್ನು ಹೊರಬೇಕಾಗುತ್ತದೆ.

ಅದಕ್ಕಿಂತ ದೊಡ್ಡ ಚಿಂತೆ ಬ್ರೇಕಿನದು. ಉಕ್ಕಿನ ರಿಮ್ಮಿಗೆ ಕ್ರೋಮ್ ಲೇಪ. ಒದ್ದೆಯಾದರೆ ಆ ನುಣುಪಿನ ಮೇಲೆ ರಬ್ಬರಿಗೆ ಹಿಡಿತವೇ ಸಿಗದು. ಲಿವರ್ ಪೂರ್ತಿ ಒತ್ತಿದರೂ ಗಾಡಿ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ದಿನವೂ ವಾಹನಗಳ ನಡುವೆ ಓಡಾಡುವವರಿಗೆ ಇದು ಸಣ್ಣ ಮಾತಲ್ಲ. ಅಲ್ಯೂಮಿನಿಯಂ ರಿಮ್ ಹಾಕಿಸೋಣವೆಂದರೆ ಅಳತೆಯ ತೊಡಕು. ಹಳೆಯ 27 ಇಂಚಿನ ಟೈರು ಕೂರುವ ವ್ಯಾಸ 630 ಮಿ.ಮೀ., ಇಂದಿನ 700ಸಿ ಚಕ್ರದ್ದು 622. ಚಕ್ರ ಬದಲಿಸಿದರೆ ಬ್ರೇಕ್ ರಬ್ಬರು ಆ ವ್ಯತ್ಯಾಸದ ಅರ್ಧ, ಅಂದರೆ 4 ಮಿ.ಮೀ. ಕೆಳಗಿಳಿಯಬೇಕು. ಹಿಂದಿನ ಅಚ್ಚಿಗೆ ಫ್ರೇಮಿನಲ್ಲಿರುವ ಜಾಗ 120 ಮಿ.ಮೀ.; ರಿಮ್ ಬ್ರೇಕಿನ ಹೊಸ ರೋಡ್ ಬೈಕಿನ 130ರ ಹಬ್, ಅಂದರೆ ಚಕ್ರದ ನಡುಗುಂಬ, ಅಲ್ಲಿ ಹಿಡಿಯದು. ಪೆಡಲ್ ತಿರುಪು ಅರ್ಧ ಇಂಚು, ಇಂದಿನವು ಹೆಚ್ಚಾಗಿ 9/16. ಫ್ರೇಮಿನೊಳಗೆ ಇಳಿಯುವ ಹ್ಯಾಂಡಲ್ ಕಾಂಡ 21.1 ಮಿ.ಮೀ., ಅಂಗಡಿಯಲ್ಲಿ ಸಿಗುವುದು 22.2. ಅಗ್ಗಕ್ಕೆ ಸಿಕ್ಕ ಗಾಡಿಯ ಬೆಲೆ ಹೀಗೆ ಒಂದೊಂದೇ ಭಾಗದಲ್ಲಿ ಏರುತ್ತದೆ.

ಅಮೆರಿಕದ ಹಳೆಯ ಉಕ್ಕೇ ಬೇಕೆನ್ನುವವರು 1976ರಲ್ಲಿ ವಿಸ್ಕಾನ್ಸಿನ್‌ನ ವಾಟರ್ಲೂದಲ್ಲಿ ಆರಂಭವಾದ ಸೈಕಲ್ ಕಂಪನಿ ಟ್ರೆಕ್‌ನ ಮೊದಲ ವರ್ಷಗಳ ಫ್ರೇಮುಗಳನ್ನು ಹುಡುಕಲಿ. ಪೈಪು ತೆಳು, ತೂಕ ಎಷ್ಟೋ ಕಡಿಮೆ. ಕೊಳ್ಳುವ ಮುಂಚೆ ಸೀಟಿನ ಬೋಲ್ಟು ಸಡಿಲಿಸಿ ಸೀಟನ್ನು ಎಡಬಲಕ್ಕೆ ತಿರುಗಿಸಿ ನೋಡಬೇಕು. ಅಲ್ಯೂಮಿನಿಯಂ ಕಂಬ ಉಕ್ಕಿನ ಪೈಪಿನೊಳಗೆ ವರ್ಷಗಟ್ಟಲೆ ತೇವದಲ್ಲಿದ್ದರೆ ಎರಡೂ ಕಚ್ಚಿಕೊಂಡಿರುತ್ತವೆ. ಅಲುಗದಿದ್ದರೆ ಆ ಗಾಡಿ ಬೇಡ.