ತೊಳೆಯಲು ಕೊಟ್ಟ ಕುದುರೆ ರಗ್ ಸೋರುತ್ತಾ ಬಂತು

ಕುದುರೆ ರಗ್, ಅಂದರೆ ಕುದುರೆಯ ಮೈಗೆ ಹೊದಿಸುವ ಹೊದಿಕೆ, ತೊಳೆಯುವುದನ್ನೇ ಕಸುಬು ಮಾಡಿಕೊಂಡವರಿಗೆ, ಒಳಗೆ ಹೊಲಿದಿರುವ ಲೇಬಲ್ ನೋಡಲು ಏನು ರೋಗ? 30 ಡಿಗ್ರಿ ಮೀರಬಾರದು, ಡ್ರೈಯರ್‌ಗೆ ಹಾಕಬಾರದು ಎಂದು ಚಿತ್ರ ಸಮೇತ ಇದೆ. ಅದಕ್ಕೆ ಓದು ಬರಹವೂ ಬೇಡ!

ನಾವಿರುವುದು ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ. ಇಲ್ಲಿಯದು ಆಗುಂಬೆಯ ಹಾಗೆ ಹೊಯ್ದು ಮುಗಿಸುವ ಮಳೆಯಲ್ಲ, ಬೆಳಗಿನಿಂದ ಸಂಜೆತನಕ ಜಿನುಗುವ ಜಡಿ. ಮಗಳ ಕುದುರೆ ಚಳಿಗಾಲದಲ್ಲೂ ಹಗಲೆಲ್ಲ ಬಯಲಲ್ಲೇ ಇರುತ್ತದೆ. ಸವಾರಿ ಮಾಡುವಾಗ ಬೆವರದಿರಲಿ ಎಂದು ಮೈಕೂದಲು ಬೇರೆ ಕತ್ತರಿಸಿದ್ದೇವೆ. ಹಾಗಾಗಿ ಟರ್ನ್‌ಔಟ್ ರಗ್ ಬೇಕೇ ಬೇಕು, ಅಂದರೆ ಕುದುರೆಯ ರೇನ್‌ಕೋಟ್. ನಮ್ಮದು 1200 ಡೆನಿಯರ್ (ನೂಲಿನ ದಪ್ಪದ ಅಳತೆ) ಬಟ್ಟೆಯದು, ಒಳಗೆ ಬೆಚ್ಚಗಿಡಲು ಚದರ ಮೀಟರಿಗೆ 200 ಗ್ರಾಂ ಫಿಲ್, ಅಂದರೆ ರಜಾಯಿಯಲ್ಲಿರುವಂಥ ತುಂಬು. ಒದ್ದೆಯಾದರೆ ಎತ್ತುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ಮನೆಯ ವಾಷಿಂಗ್ ಮೆಷಿನ್‌ಗೆ ಅದು ತುರುಕಿದರೂ ಹೋಗುವುದಿಲ್ಲ.

ಚಳಿಗಾಲ ಮುಗಿದ ಮೇಲೆ ತೊಳೆಯಲು ಕೊಟ್ಟೆವು. ಘಮಘಮ ಅನ್ನುತ್ತಾ ವಾಪಸ್ ಬಂತು. ಅಕ್ಟೋಬರ್‌ನಲ್ಲಿ ಹೊದಿಸಿದಾಗ ಮೊದಲ ಮಳೆಗೇ ಬಂಡವಾಳ ಬಯಲಾಯಿತು. ಹೆಗಲಿನ ಉಬ್ಬಿನ ಹತ್ತಿರ ರಗ್ಗಿನ ಕೆಳಗೆ ಕೈ ಹಾಕಿದರೆ ತಣ್ಣಗೆ ಒದ್ದೆ. ಪಾಪ, ಕುದುರೆ ನಡುಗುತ್ತಾ ನಿಂತಿತ್ತು. ಅಸ್ತರಿನ ಹೊಲಿಗೆ ಬಿಚ್ಚಿ ನೋಡಿದೆ. ಹೊರಬಟ್ಟೆಯ ಹಿಂಬದಿಗೆ ಉಗುರು ತಾಗಿಸಿದರೆ ಸಾಕು, ಕೋಟಿಂಗ್ ಬೆಳ್ಳಗೆ ಪೊರೆ ಪೊರೆಯಾಗಿ ಉದುರುತ್ತಿದೆ.

ಆ ಪಾಲಿಯುರೆಥೇನ್ ಕೋಟಿಂಗೇ ಅಲ್ವಾ ನೀರು ತಡೆಯುವುದು? ಡ್ರೈಯರಿನ ಬಿಸಿಗೆ ಅದು ಬಟ್ಟೆ ಬಿಟ್ಟು ಏಳುತ್ತದೆ. ಘಮಕ್ಕೆ ಹಾಕಿದ ಸಾಫ್ಟ್‌ನರ್‌ನಿಂದ ಹೊರಮೈಯೂ ಕೆಟ್ಟಿದೆ. ಹನಿ ಜಾರುವ ಬದಲು ಬಟ್ಟೆಯೇ ನೀರು ಕುಡಿಯುತ್ತದೆ. ಹೊರಮೈ ಕೆಟ್ಟರೆ ಮತ್ತೆ ನೀರು ಜಾರುವಂತೆ ಮಾಡುವ ರಿಪ್ರೂಫಿಂಗ್ ಸ್ಪ್ರೇ ಹೊಡೆದು ಸರಿಮಾಡಬಹುದು. ಕೋಟಿಂಗ್ ಎದ್ದ ಮೇಲೆ ಮುಗೀತು.

ಫೋನ್ ಮಾಡಿದರೆ "ಹಳೆಯ ರಗ್ ಸೋರುವುದು ಮಾಮೂಲಿ" ಅಂತಾರೆ. ಎರಡೇ ಚಳಿಗಾಲ ಕಂಡ ರಗ್ ಹಳೆಯದಂತೆ! ನಿಜ ಏನೆಂದರೆ ಅವರಿಗೆ ಪುರುಸೊತ್ತಿಲ್ಲ. ಇಂಥ ದಪ್ಪ ರಗ್ಗನ್ನು ಗಾಳಿಯಾಡುವ ಕಡೆ ಕಂಬಿಯ ಮೇಲೆ ಹರಡಬೇಕು. ಮೊದಲು ಅಸ್ತರು ಮೇಲೆ ಮಾಡಿ ಒಣಗಿಸಿ, ಆಮೇಲೆ ತಿರುವಿ ಹಾಕಬೇಕು. ಫಿಲ್‌ನ ಒಳಗಿನ ತೇವ ಹೋಗಲು ದಿನಗಳೇ ಬೇಕು. ಪಸೆ ಉಳಿದರೆ ಬೂಷ್ಟು ಗ್ಯಾರಂಟಿ. ಆ ಜಾಗಕ್ಕೆ, ಆ ತಾಳ್ಮೆಗೆ ತಾನೇ ನಾವು ದುಡ್ಡು ಕೊಡುವುದು? ಬರೀ ಮಣ್ಣು ತೊಳೆಯಲು ಹೋಸ್ ಪೈಪ್ ಲಾಯದಲ್ಲೇ ಇದೆ.

ಜಾಸ್ತಿ ಜಗಳವಾಡಿದ್ದಕ್ಕೆ ಮುಂದಿನ ಸಲ ರಿಯಾಯಿತಿ ಕೊಡುತ್ತಾರಂತೆ. ಹೊಸ ರಗ್ಗಿಗೆ ದುಡ್ಡು ಸುರಿದು, ಅದನ್ನೂ ಇವರ ಡ್ರೈಯರ್ ಬಾಯಿಗೆ ಹಾಕಬೇಕಾ?